ಅಪು ಕಂಡ್ರೆ ನಿಮಗ್ಯಾಕೆ ಅಷ್ಟು ಬೇಜಾರು? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನ್ಯೂಜೆರ್ಸಿಲಿ ನಮ್ಮೋರ ಸಣ್ಣ ಸಣ್ಣ ಅಂಗಡಿಗಳ ಲೆಕ್ಕ, ಟ್ಯಾಕ್ಸ್ ನೋಡ್ಕೊಳ್ಳೋದು ನನ್ನ ಕೆಲಸ ಅಂತ ಗೊತ್ತಾದ್ರೆ ಸಾಕು, ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಅಪು ಹತ್ರ ಬಂದು ನಿಲ್ಲುತ್ತೆ. ನಮ್ಮ ಪುನೀತ್ ಅಪ್ಪು ಅಲ್ಲ, ಅಮೆರಿಕಾದ "ದಿ ಸಿಂಪ್ಸನ್ಸ್" ಅನ್ನೋ ಕಾರ್ಟೂನ್ ಕಾಮಿಡಿಲಿ ಬರೋ ಕ್ವಿಕ್-ಇ-ಮಾರ್ಟ್ ಅಂಗಡಿಯ ಅಪು. ಬೆಂಗಳೂರಿಂದ ಕಸಿನ್‌ಗಳು ಕೇಳ್ತಾರೆ, ಇಲ್ಲಿಯ ಅಮೆರಿಕನ್ ಫ್ರೆಂಡ್ಸೂ ಕೇಳ್ತಾರೆ. "ಅಲ್ಲಾ ಅಕ್ಕ, ಅವನು ಒಳ್ಳೇ ಮನುಷ್ಯ, ಕಷ್ಟಪಟ್ಟು ದುಡೀತಾನೆ, ಆ ಶೋನಲ್ಲಿ ಎಲ್ಲರನ್ನೂ ಗೇಲಿ ಮಾಡ್ತಾರೆ, ನಿಮಗ್ಯಾಕೆ ಅವನೊಬ್ಬನ ಮೇಲೆ ಬೇಜಾರು? ತೆಗೆದುಹಾಕಿದ್ದು ಒಳ್ಳೇದಾಯ್ತಾ?" ಅಂತ. ಫೋನಲ್ಲಿ ಎರಡು ನಿಮಿಷಕ್ಕೆ ಹೇಳಿ ಮುಗಿಸೋ ಮಾತಲ್ಲ ಇದು, ಅದಕ್ಕೆ ಇಲ್ಲಿ ಉದ್ದಕ್ಕೆ ಬರೀತಿದೀನಿ.

ಮೊದಲೇ ಹೇಳಿಬಿಡ್ತೀನಿ, ನನಗೆ ಅಪು ಇಷ್ಟ. ಬೇಜಾರಿರೋದು ಅವನಿಗೆ ಕೊಟ್ಟ ದನಿಯ ಬಗ್ಗೆ. ಅದಕ್ಕಿಂತ ಹೆಚ್ಚು ಬೇಜಾರು, ತಕರಾರು ಬಂತು ಅಂತ ಅವನ ಬಾಯನ್ನೇ ಮುಚ್ಚಿಸಿದ್ರಲ್ಲ, ಅದರ ಬಗ್ಗೆ.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಅಪು ಮೊದಲು ಕಾಣಿಸ್ಕೊಂಡಿದ್ದು 1990ರಲ್ಲಿ, ಶೋನ ಮೊದಲನೇ ಸೀಸನ್‌ನಲ್ಲೇ. ಹೆಸರು ತಗೊಂಡಿದ್ದು ಸತ್ಯಜಿತ್ ರಾಯ್ ಅವರ ಅಪು ಚಿತ್ರಗಳಿಂದ. ಸರ್‌ನೇಮ್ ಮಾತ್ರ ನಹಾಸಪೀಮಪೆಟಿಲಾನ್, ಇಂಡಿಯಾದ ಯಾವ ಮೂಲೆಗೆ ಹೋದ್ರೂ ಇಂಥ ಮನೆತನ ಸಿಗಲ್ಲ. ಹೆಂಡತಿ ಹೆಸರು ಮಂಜುಳಾ, ಅದು ನಮ್ಮ ಕಡೆ ಬೀದಿಗೊಂದು ಸಿಗುತ್ತೆ. ಕಲ್ಕತ್ತಾಲಿ ಓದಿ, ಅಮೆರಿಕಾಗೆ ಬಂದು ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡಿದೋನು, ಓದಿನ ಸಾಲ ತೀರಿಸೋಕೆ ಅಂಗಡಿ ಕೆಲಸಕ್ಕೆ ಸೇರ್ಕೊಂಡು ಅಲ್ಲೇ ಉಳ್ಕೊಂಡ. ದನಿ ಕೊಟ್ಟಿದ್ದು ಹ್ಯಾಂಕ್ ಅಜೇರಿಯಾ ಅನ್ನೋ ಬಿಳಿಯ ನಟ, ನ್ಯೂಯಾರ್ಕ್‌ನಲ್ಲಿ ಹುಟ್ಟಿ ಬೆಳೆದೋರು. 1968ರ "ದಿ ಪಾರ್ಟಿ" ಸಿನಿಮಾದಲ್ಲಿ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಬಳ್ಕೊಂಡು ಇಂಡಿಯನ್ ಪಾತ್ರ ಮಾಡಿದ್ರಲ್ಲ, ಅಪು ಮಾತಿನ ಶೈಲಿಗೆ ಅದೂ ಒಂದು ಮೂಲ ಅಂತ ಅವರೇ ಹೇಳಿದಾರೆ. ಅಂದ್ರೆ ಒಬ್ಬ ಬಿಳಿಯ ನಟ ಮಾಡಿದ ಇಂಡಿಯನ್ ಅಣಕನ ಇನ್ನೊಬ್ಬ ಬಿಳಿಯ ನಟ ಅಣಕ ಮಾಡಿದ್ದು, ಆ ಮೂಲದಲ್ಲಿ ಇಂಡಿಯನ್ ಎಲ್ಲೂ ಇಲ್ಲ. ಅಪು ದನಿಗೇ ಅಜೇರಿಯಾಗೆ 1998ರಲ್ಲಿ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿನೂ ಬಂತು.

ಈಗ ನನಗೆ ಯಾಕೆ ಇಷ್ಟ ಅಂತ ಹೇಳ್ತೀನಿ. ಸ್ಪ್ರಿಂಗ್‌ಫೀಲ್ಡ್ ಅನ್ನೋ ಆ ಊರಲ್ಲಿ ನೆಟ್ಟಗೆ ಕೆಲಸ ಮಾಡೋರು ಬಹಳ ಕಮ್ಮಿ. ಪೊಲೀಸ್ ಮುಖ್ಯಸ್ಥ ಸೋಮಾರಿ, ಮೇಯರ್ ಲಂಚಕೋರ, ಶೋನ ಮುಖ್ಯ ಪಾತ್ರ ಹೋಮರ್ ಸಿಂಪ್ಸನ್ ಅಣುಸ್ಥಾವರದಲ್ಲಿ ಕೂತು ನಿದ್ದೆ ಹೊಡೀತಾನೆ. ಅಪು ಹಗಲು ರಾತ್ರಿ ಕೌಂಟರ್ ಹಿಂದೆ ನಿಂತಿರ್ತಾನೆ. ಹಳೇ ಮಾಂಸದ ಡೇಟ್ ತಿದ್ದಿ ಮಾರ್ತಾನೆ, ರೇಟ್ ಜಾಸ್ತಿ ಹಾಕ್ತಾನೆ, ಅದೆಲ್ಲ ನಿಜ, ಅವನೇನು ದೇವರಲ್ಲ. ಆದ್ರೆ 1992ರ ಒಂದು ಎಪಿಸೋಡಲ್ಲಿ ಹೋಮರ್ ಮನೆಗೆ ಬೆಂಕಿ ಬಿದ್ದಾಗ ಆರಿಸೋಕೆ ಬಂದೋರಲ್ಲಿ ಅಪುನೂ ಇದಾನೆ. ಆಮೇಲೆ ಪಾದ್ರಿ ಹೇಳ್ತಾರೆ, ನಿನ್ನ ಸ್ನೇಹಿತರ ಹೃದಯದಲ್ಲಿ ದೇವರಿದ್ದ, ಅವರು ಕ್ರಿಶ್ಚಿಯನ್ ಆಗಿರ್ಲಿ, ಯಹೂದಿ ಆಗಿರ್ಲಿ ಅಂತ, ಅಪು ಕಡೆ ತಿರುಗಿ ಏನು ಹೇಳ್ಬೇಕು ಗೊತ್ತಾಗದೆ "ಇತರೆ" ಅಂದ್ಬಿಡ್ತಾರೆ. ಅಪು ತಕ್ಷಣ "ಹಿಂದೂ! ನಾವು 70 ಕೋಟಿ ಜನ ಇದೀವಿ" ಅಂತಾನೆ. ಪಾದ್ರಿ "ಓಹ್, ಸೂಪರ್" ಅಂತ ತೇಲಿಸಿಬಿಡ್ತಾರೆ. ಅಲ್ಲಿ ನಗು ಬರೋದು ಪಾದ್ರಿ ಮೇಲೆ. ಇಲ್ಲಿ ಫಾರ್ಮ್ ತುಂಬುವಾಗ "ಇತರೆ" ಅನ್ನೋ ಡಬ್ಬಿಗೆ ಟಿಕ್ ಹಾಕಿದ ಯಾರಿಗಾದ್ರೂ ಆ ಸೀನ್ ಒಳಗೆ ತಾಗುತ್ತೆ.

ಎಲ್ಲಕ್ಕಿಂತ ನನಗೆ ಹತ್ತಿರದ್ದು 1996ರ ಎಪಿಸೋಡ್. ಊರಿಗೆ ಒಂದು ಕರಡಿ ಬರುತ್ತೆ, ಜನ ಗಲಾಟೆ ಮಾಡ್ತಾರೆ, ಕರಡಿ ಕಾಯೋಕೆ ದಳ ಬರುತ್ತೆ, ಅದಕ್ಕೆ ಟ್ಯಾಕ್ಸ್ ಬೀಳುತ್ತೆ, ಟ್ಯಾಕ್ಸ್ ಯಾಕೆ ಅಂತ ಜನ ಮತ್ತೆ ಗಲಾಟೆ ಮಾಡಿದಾಗ ಮೇಯರ್ ತಪ್ಪಿಸ್ಕೊಳ್ಳೋಕೆ ಇದೆಲ್ಲ ವಲಸೆ ಬಂದೋರಿಂದ ಅಂದ್ಬಿಡ್ತಾನೆ. ಅವರನ್ನ ಓಡಿಸೋಕೆ ಪ್ರೊಪೊಸಿಷನ್ 24 ಅಂತ ವೋಟಿಗೆ ಇಡ್ತಾರೆ. ಇದು ಸುಮ್ನೆ ಕಟ್ಟಿದ ಕತೆ ಅಲ್ಲ, ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಪ್ರೊಪೊಸಿಷನ್ 187 ಅಂತ ನಿಜವಾಗ್ಲೂ ವೋಟಿಗೆ ಬಂದು ಪಾಸಾಗಿತ್ತು, ಕಾಗದಪತ್ರ ಇಲ್ಲದ ವಲಸಿಗರಿಗೆ ಸರ್ಕಾರಿ ಶಾಲೆ, ತುರ್ತು ಬಿಟ್ಟು ಬೇರೆ ಸರ್ಕಾರಿ ಚಿಕಿತ್ಸೆ ಎಲ್ಲ ಬಂದ್ ಮಾಡೋ ಕಾನೂನು, ಆಮೇಲೆ ಕೋರ್ಟ್ ತಡೆ ಹಾಕ್ತು. ಇತ್ತ ಕಾರ್ಟೂನಲ್ಲಿ ಅಪು ವೀಸಾ ಮುಗಿದುಹೋಗಿದೆ. ಹೆದರ್ಕೊಂಡು ನಕಲಿ ಕಾಗದ ಮಾಡಿಸ್ಕೋತಾನೆ, ಕೌಬಾಯ್ ಟೋಪಿ ಹಾಕ್ತಾನೆ, ಬೇಸ್‌ಬಾಲ್ ಟೀಮಿನ ಜರ್ಸಿ ಹಾಕ್ತಾನೆ, ಅಂಗಡಿಲಿ ಇದ್ದ ಗಣೇಶನ್ನ ತೆಗೆದು ಸಿನಿಮಾ ಮ್ಯಾಗಜಿನ್ ಇಡ್ತಾನೆ, ಅಮೆರಿಕನ್ ಥರ ಮಾತಾಡೋಕೆ ನೋಡ್ತಾನೆ. ಸ್ವಲ್ಪ ಹೊತ್ತಿಗೆ ತಡ್ಕೊಳ್ಳೋಕೆ ಆಗದೆ ಕುಸಿದುಹೋಗ್ತಾನೆ. ಆ ದೃಶ್ಯ ಬರೆದೋರು ನಮ್ಮ ಜನರ ಭಯನ ಹತ್ರದಿಂದ ನೋಡಿದಾರೆ ಅಂತ ನನಗೆ ಈಗ್ಲೂ ಅನ್ಸುತ್ತೆ. ಆಮೇಲೆ ಸಿಟಿಜನ್‌ಶಿಪ್ ಪರೀಕ್ಷೆಲಿ ಅಂತರ್ಯುದ್ಧಕ್ಕೆ ಕಾರಣ ಏನು ಅಂತ ಕೇಳಿದ್ರೆ ಅವನು ಒಳಗಿನ ಆರ್ಥಿಕ ಕಾರಣ, ಹೊರಗಿನ ಕಾರಣ ಅಂತ ಶುರು ಮಾಡ್ತಾನೆ, ಪರೀಕ್ಷೆ ಮಾಡೋನು "ಗುಲಾಮಗಿರಿ ಅಂತ ಹೇಳಿ ಸಾಕು" ಅಂತ ನಿಲ್ಲಿಸ್ತಾನೆ. ಪ್ರಶ್ನೆ ಕೇಳಿದೋನಿಗಿಂತ ಜಾಸ್ತಿ ಅಪುಗೇ ಗೊತ್ತು.

ಇಷ್ಟು ಚೆನ್ನಾಗಿ ಬರೆದ ಪಾತ್ರ, ಆದ್ರೆ ಹೊರಗಡೆ ಜನರ ಬಾಯಲ್ಲಿ ಉಳಿದಿದ್ದು ಏನು? "ಥ್ಯಾಂಕ್ ಯು, ಕಮ್ ಅಗೇನ್" ಅನ್ನೋ ಒಂದು ಸಾಲು, ಆ ರಾಗದಲ್ಲಿ. ಪಿಎಚ್‌ಡಿ ಉಳೀಲಿಲ್ಲ, ಸಿಟಿಜನ್‌ಶಿಪ್ ಪರೀಕ್ಷೆ ಉಳೀಲಿಲ್ಲ.

ನಾನು ಲೆಕ್ಕ ನೋಡೋ ಒಂದು ಅಂಗಡಿ ಬಗ್ಗೆ ಹೇಳ್ತೀನಿ. ಪೆಟ್ರೋಲ್ ಬಂಕ್‌ಗೆ ಅಂಟ್ಕೊಂಡಿರೋ ಸಣ್ಣ ಅಂಗಡಿ, ನಡೆಸೋರು ಗುಜರಾತಿ ದಂಪತಿ, ಅವರನ್ನ ನಾನು ಕಾಕಾ, ಕಾಕಿ ಅಂತಲೇ ಕರೆಯೋದು. ಬೆಳಿಗ್ಗೆ ಐದಕ್ಕೆ ಕಾಫಿ ಇಡ್ತಾರೆ, ಯಾಕಂದ್ರೆ ಕಟ್ಟಡ ಕೆಲಸದೋರು ಐದೂವರೆಗೆ ಬರ್ತಾರೆ. ಸಿಗರೇಟ್‌ನಲ್ಲಿ ಏನೂ ಗಿಟ್ಟಲ್ಲ, ಲಾಟರಿಲಿ ನೂರು ಡಾಲರ್ ಮಾರಿದ್ರೆ ಐದು ಡಾಲರ್ ಕಮಿಷನ್, ಅಂಗಡಿ ಬಾಡಿಗೆ ಎದ್ದೇಳೋದು ಕಾಫಿ, ಸ್ಯಾಂಡ್‌ವಿಚ್‌ನಿಂದ. ರಾತ್ರಿ ಮುಚ್ಚೋ ಮುಂಚೆ ಕಾಕಿ ಉಜ್ಜೋ ಲಾಟರಿ ಟಿಕೆಟ್‌ನ ಒಂದೊಂದು ರೋಲಿನ ಕೊನೇ ನಂಬರ್ ಒಂದು ನೋಟ್‌ಬುಕ್‌ನಲ್ಲಿ ಗುಜರಾತಿ ಅಂಕಿಲಿ ಬರ್ಕೋತಾರೆ, ಬೆಳಿಗ್ಗೆ ಬರೆದ ನಂಬರ್ ಜೊತೆ ಕಳೆದು ನೋಡ್ತಾರೆ, ಒಂದು ಟಿಕೆಟ್ ಲೆಕ್ಕ ತಪ್ಪಿದ್ರೂ ಅದು ಅವರ ಕೈಯಿಂದಲೇ ಹೋಗೋದು. ಆ ನೋಟ್‌ಬುಕ್ ನೋಡಿ ನೋಡಿ ಗುಜರಾತಿ ಅಂಕಿ ಓದೋದು ನನಗೂ ಬಂತು. ಒಂದಿನ ನಾನು ಅಲ್ಲೇ ಹಿಂದಿನ ರೂಮಲ್ಲಿ ಬಿಲ್ ಜೋಡಿಸ್ತಾ ಕೂತಿದ್ದಾಗ ನಾಲ್ಕು ಹುಡುಗರು ಬಂದ್ರು, ಸೋಡಾ ತಗೊಂಡ್ರು, ದುಡ್ಡು ಕೊಟ್ಟು ಬಾಗಿಲ ಹತ್ರ ಹೋಗಿ ತಿರುಗಿ ಅಪು ದನಿಲಿ ಆ ಸಾಲು ಹೇಳಿ ಬಿದ್ದು ಬಿದ್ದು ನಕ್ಕು ಓಡಿದ್ರು. ಕಾಕಾ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಕೇಳಿದ್ದಕ್ಕೆ "ದಿನಾ ಇದ್ದಿದ್ದೇ ಬೇನ್, ಅದೇನೋ ಟಿವಿದಂತೆ" ಅಂದ್ರು. ಅವರು ಆ ಶೋ ಒಂದು ಸಲನೂ ನೋಡಿದೋರಲ್ಲ. ತಾವು ನೋಡದ ಕಾರ್ಟೂನ್‌ನ ಹೆಸರಲ್ಲಿ ತಮ್ಮದೇ ಅಂಗಡಿಲಿ ನಿಂತು ಅಣಕ ಮಾಡಿಸ್ಕೊಳ್ಳೋದು ಅಂದ್ರೆ ಏನು ಅಂತ ಬೆಂಗಳೂರಿನ ಸೋಫಾ ಮೇಲೆ ಕೂತೋರಿಗೆ ಗೊತ್ತಾಗೋದು ಕಷ್ಟ, ಅದು ಅವರ ತಪ್ಪಲ್ಲ ಬಿಡಿ. ಅವರ ಟಿವಿಲಿ ಹೀರೋ, ವಿಲನ್, ಡಾಕ್ಟರ್, ಕಳ್ಳ, ಮುಖ್ಯಮಂತ್ರಿ ಎಲ್ಲರೂ ನಮ್ಮೋರೇ, ಅದರಲ್ಲಿ ಒಬ್ಬ ಅಂಗಡಿಯೋನನ್ನ ಗೇಲಿ ಮಾಡಿದ್ರೆ ಯಾರಿಗೂ ಏನೂ ಆಗಲ್ಲ. ತೊಂಬತ್ತರ ದಶಕದ ಅಮೆರಿಕನ್ ಟಿವಿಲಿ ವಾರ ವಾರ ಮನೆ ಮನೆಗೆ ಬರ್ತಿದ್ದ ಇಂಡಿಯನ್ ಅಂದ್ರೆ ಹೆಚ್ಚುಕಮ್ಮಿ ಇವನೊಬ್ಬನೇ, ಅವನ ದನಿನೂ ಇಂಡಿಯನ್ನರದ್ದಲ್ಲ.

"ಎಲ್ಲರನ್ನೂ ಗೇಲಿ ಮಾಡ್ತಾರಲ್ಲ" ಅನ್ನೋದಕ್ಕೆ ನನ್ನ ಉತ್ತರ ಇದೇ. ಹೋಮರ್ ದಡ್ಡ ಅಂತ ನೋಡಿ ಯಾರೂ ಬಿಳಿಯರೆಲ್ಲ ದಡ್ಡರು ಅನ್ನಲ್ಲ. ನಮ್ಮ ವಿಷಯದಲ್ಲಿ ಹಾಗಲ್ಲ. 2006ರಲ್ಲಿ ಆಗ ಸೆನೆಟರ್ ಆಗಿದ್ದ ಜೋ ಬೈಡನ್ ಕ್ಯಾಮೆರಾ ಮುಂದೆನೇ, ಸ್ವಲ್ಪ ಇಂಡಿಯನ್ ಆಕ್ಸೆಂಟ್ ಇಲ್ದೆ ಸೆವೆನ್-ಇಲೆವೆನ್‌ಗೋ ಡಂಕಿನ್ ಡೋನಟ್ಸ್‌ಗೋ (ಇಲ್ಲಿ ಊರೂರಲ್ಲಿರೋ ಅಂಗಡಿಗಳು) ಹೋಗೋ ಹಾಗೇ ಇಲ್ಲ ಅಂದಿದ್ರು. 2007ರಲ್ಲಿ ಸಿಂಪ್ಸನ್ಸ್ ಸಿನಿಮಾ ಪ್ರಚಾರಕ್ಕೆ ಸೆವೆನ್-ಇಲೆವೆನ್‌ನೋರು ಒಂದು ಡಜನ್ ಅಂಗಡಿಗಳ ಬೋರ್ಡನ್ನೇ ಬದಲಾಯಿಸಿ ಕ್ವಿಕ್-ಇ-ಮಾರ್ಟ್ ಮಾಡಿದ್ರು, ಜನ ಕ್ಯೂ ನಿಂತ್ರು. ಕಾರ್ಟೂನ್ ಅಂಗಡಿ ನಿಜವಾದ ಅಂಗಡಿ ಆಗ್ಬಿಡ್ತು, ಕೌಂಟರ್ ಹಿಂದೆ ನಿಂತೋನು ನಿಜವಾದ ಮನುಷ್ಯ ಅನ್ನೋದು ಯಾರಿಗೂ ನೆನಪಾಗಲಿಲ್ಲ.

ಇನ್ನೊಂದು ವಿಷಯ ನನ್ನ ಮನಸ್ಸಿಂದ ಹೋಗಲ್ಲ. 1994ರ ಒಂದು ಎಪಿಸೋಡಲ್ಲಿ ಅಂಗಡಿಗೆ ದರೋಡೆಕೋರ ಬರ್ತಾನೆ, ಅಪು ಇನ್ನೊಬ್ಬರನ್ನ ಉಳಿಸೋಕೆ ಗುಂಡಿಗೆ ಅಡ್ಡ ನಿಲ್ತಾನೆ, ಬದುಕ್ತಾನೆ, ಯಾಕಂದ್ರೆ ಹಿಂದಿನ ದರೋಡೆಲಿ ಬಿದ್ದ ಗುಂಡು ಇನ್ನೂ ಎದೆಲೇ ಇತ್ತು, ಹೊಸ ಗುಂಡು ಅದಕ್ಕೆ ತಾಗಿ ವಾಪಸ್ ಹೋಯ್ತು. ಜೋಕ್ ಅದು. 2001ರ ಸೆಪ್ಟೆಂಬರ್ 15ಕ್ಕೆ, 9/11 ದಾಳಿ ಆದ ನಾಲ್ಕೇ ದಿನಕ್ಕೆ, ಅರಿಜೋನಾದ ಮೇಸಾದಲ್ಲಿ ತಮ್ಮ ಪೆಟ್ರೋಲ್ ಬಂಕ್ ಮುಂದೆ ಹೂಗಿಡ ನೆಡಿಸ್ತಿದ್ದ ಬಲ್ಬೀರ್ ಸಿಂಗ್ ಸೋಧಿ ಅವರನ್ನ ಪೇಟ ನೋಡಿ ಗುಂಡಿಟ್ಟು ಕೊಂದ್ರು. ಅದೇ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನ ಮೆಸ್ಕಿಟ್‌ನಲ್ಲಿ ವಾಸುದೇವ ಪಟೇಲ್ ಅವರನ್ನ ಅವರ ಅಂಗಡಿ ಕೌಂಟರ್ ಹಿಂದೆನೇ ಕೊಂದ್ರು. ಇದಕ್ಕೆಲ್ಲ ಒಂದು ಕಾರ್ಟೂನ್ ಕಾರಣ ಅಂತ ನಾನು ಯಾವತ್ತೂ ಹೇಳಲ್ಲ, ಹೇಳಿದ್ರೆ ಅದು ಅನ್ಯಾಯ. ಆದ್ರೆ ಇದೆಲ್ಲ ಗೊತ್ತಾದ ಮೇಲೆ ಆ ಗುಂಡಿನ ಜೋಕಿಗೆ ನನಗೆ ನಗು ಬರಲ್ಲ, ಅಷ್ಟೇ.

2017ರಲ್ಲಿ ಹರಿ ಕೊಂಡಬೋಲು ಅನ್ನೋ ಕಾಮಿಡಿಯನ್, ಆಂಧ್ರದ ಕಡೆಯೋರ ಮಗ, ನ್ಯೂಯಾರ್ಕ್‌ನಲ್ಲಿ ಬೆಳೆದೋರು, "ದಿ ಪ್ರಾಬ್ಲಂ ವಿತ್ ಅಪು" ಅಂತ ಡಾಕ್ಯುಮೆಂಟರಿ ಮಾಡಿದ್ರು. ಅದರಲ್ಲಿ ನಟರು, ಕಾಮಿಡಿಯನ್‌ಗಳು ಒಬ್ಬೊಬ್ಬರಾಗಿ ಸ್ಕೂಲಲ್ಲಿ ಅಪು ಅಂತ ಕರೆಸ್ಕೊಂಡಿದ್ದನ್ನ ಹೇಳ್ತಾರೆ. ವಿವೇಕ್ ಮೂರ್ತಿನೂ ಅದರಲ್ಲಿ ಬರ್ತಾರೆ, ಮಂಡ್ಯ ಜಿಲ್ಲೆ ಹಲ್ಲೇಗೆರೆ ಮೂಲದೋರು, ಅಮೆರಿಕಾದ ಸರ್ಜನ್ ಜನರಲ್ ಆಗಿದ್ದೋರು. ಇಡೀ ದೇಶದ ಆರೋಗ್ಯದ ಬಗ್ಗೆ ಮಾತಾಡೋ ಹುದ್ದೆಗೆ ಹೋದ ನಮ್ಮ ಮಂಡ್ಯದ ಮನೆಯ ಹುಡುಗನೂ ಆ ಕುರ್ಚಿಲಿ ಕೂತು ಇದರ ಬಗ್ಗೆ ಮಾತಾಡಬೇಕಾಯ್ತಲ್ಲ ಅಂತ ನೋಡಿ ನನಗೆ ಗಂಟಲು ಕಟ್ಟಿತು. ಅದಕ್ಕೆ ಶೋನೋರು ಕೊಟ್ಟ ಉತ್ತರ 2018ರ ಏಪ್ರಿಲ್‌ನಲ್ಲಿ ಬಂತು. ಹೋಮರ್ ಮಗಳು ಲಿಸಾ ಬಾಯಲ್ಲಿ, ಎಷ್ಟೋ ವರ್ಷದ ಹಿಂದೆ ಎಲ್ಲರೂ ಚಪ್ಪಾಳೆ ಹೊಡೆದಿದ್ದು ಈಗ ತಪ್ಪು ಅನ್ನಿಸ್ಕೊಳ್ಳುತ್ತೆ, ಏನ್ ಮಾಡೋಕಾಗುತ್ತೆ ಅಂತ ಹೇಳಿಸಿ ಅಪು ಫೋಟೋ ತೋರಿಸಿದ್ರು. ಬೇರೆ ಯಾರ ಬಾಯಲ್ಲಾದ್ರೂ ಹೇಳಿಸಿದ್ರೆ ಸುಮ್ನಿರ್ತಿದ್ದೆ. ಆ ಶೋನಲ್ಲಿ ಅನ್ಯಾಯ ಕಂಡಲ್ಲಿ ಎದ್ದು ನಿಲ್ಲೋ ಹುಡುಗಿ ಲಿಸಾ, ಅಪು ತನ್ನ ಅಂಗಡಿ ಮಹಡಿ ಮೇಲೆ ಕರ್ಕೊಂಡು ಹೋಗಿ ಸಸ್ಯಾಹಾರದ ಬಗ್ಗೆ ಬುದ್ಧಿ ಹೇಳಿದ್ದೂ ಅವಳಿಗೇ.

ಅಜೇರಿಯಾ ಬಗ್ಗೆ ಮಾತ್ರ ನನಗೆ ಗೌರವ ಇದೆ. ಅವರು ಕೂತು ಕೇಳಿಸ್ಕೊಂಡ್ರು, ಓದಿದ್ರು, 2020ರ ಜನವರಿಲಿ ಇನ್ಮೇಲೆ ಈ ದನಿ ಮಾಡಲ್ಲ ಅಂದ್ರು. 2021ರಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಬಾಯ್ಬಿಟ್ಟು ಕ್ಷಮೆ ಕೇಳಿದ್ರು. ತಮ್ಮ ಮಗನ ಸ್ಕೂಲಲ್ಲಿ ಇಂಡಿಯನ್ ಮಕ್ಕಳ ಜೊತೆ ಮಾತಾಡ್ದಾಗ, ಶೋನೇ ನೋಡದ ಹದಿನೇಳು ವರ್ಷದ ಹುಡುಗನಿಗೂ ಅಪು ಅಂದ್ರೆ ಏನು ಅಂತ ಗೊತ್ತಿತ್ತು, ಅದು ಬೈಗುಳದ ಹಾಗೆ ಆಗಿಹೋಗಿದೆ ಅಂತ ಅಲ್ಲಿ ಹೇಳಿದ್ರು. ಅದನ್ನ ಕೇಳಿದಾಗ ನನಗೆ ನೆನಪಾಗಿದ್ದು ಕಾಕಾನೇ.

ಸರಿ, ಕೊನೇ ಪ್ರಶ್ನೆ, ತೆಗೆದುಹಾಕಿದ್ದು ಒಳ್ಳೇದಾಯ್ತಾ? ಇಲ್ಲ. ಕೊಂಡಬೋಲು ಅವರೂ ಅಪುನ ತೆಗೀರಿ ಅಂತ ಕೇಳಿದೋರಲ್ಲ. ಈಗ ಅಪು ಇದಾನೆ, ಜನರ ಗುಂಪಲ್ಲಿ ಹಿಂದೆ ಎಲ್ಲೋ ನಿಂತಿರ್ತಾನೆ, ಮಾತಿಲ್ಲ. ಬಿಳಿಯರಲ್ಲದ ಪಾತ್ರಗಳಿಗೆ ಬಿಳಿಯ ನಟರ ದನಿ ಬೇಡ ಅಂತ 2020ರಲ್ಲೇ ತೀರ್ಮಾನ ಆಯ್ತು, ಬೇರೆ ಪಾತ್ರಗಳಿಗೆ ಹೊಸ ನಟರೂ ಬಂದ್ರು, ಇವನಿಗೆ ಮಾತ್ರ ಯಾಕೆ ಯಾರೂ ಬರಲಿಲ್ಲ? ಈ ದೇಶದಲ್ಲಿ ಈಗ ಇಂಡಿಯನ್ ನಟರಿಗೇನು ಬರವಾ? 2016ರಲ್ಲೇ ಅಪು ತಮ್ಮನ ಮಗ ಜೇ ಅಂತ ಒಂದು ಪಾತ್ರ ತಂದಿದ್ರು, ಉತ್ಕರ್ಷ್ ಅಂಬುಡ್ಕರ್ ದನಿ. ಆ ಹುಡುಗ ಬಂದು ಅಂಗಡಿನ ಆರ್ಗ್ಯಾನಿಕ್ ತರಕಾರಿ ಅಂಗಡಿ ಥರ ಮಾಡ್ತಾನೆ, ದೊಡ್ಡಪ್ಪನ ಮಾತಿನ ಶೈಲಿಗೇ ಆಕ್ಷೇಪ ಎತ್ತುತ್ತಾನೆ. ದಾರಿ ಅಲ್ಲೇ ಇತ್ತು, ಆ ದಾರಿಲಿ ಮುಂದಕ್ಕೆ ಹೋಗಲಿಲ್ಲ.

ನನ್ನನ್ನ ಕೇಳಿದ್ರೆ ಅಪುಗೆ ಇಂಡಿಯನ್ ನಟನ ದನಿ ಕೊಡ್ಲಿ, ಆಕ್ಸೆಂಟ್ ಇರ್ಲಿ. ಕಾಕಾಗೂ ಆಕ್ಸೆಂಟ್ ಇದೆ, ನನಗೂ ಇದೆ, ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ, ಅದು ಮನುಷ್ಯನ ಬಾಯಿಂದ ಬಂದ್ರೆ ಸಾಕು. ಬರೆಯೋರ ರೂಮಲ್ಲಿ ಇಂಥ ಅಂಗಡಿಗಳ ಹಿಂದಿನ ರೂಮಲ್ಲಿ ಹೋಮ್‌ವರ್ಕ್ ಮಾಡಿ ಬೆಳೆದ ಮಕ್ಕಳು ಒಬ್ಬಿಬ್ಬರಿರ್ಲಿ. ಅಪು ಮಂಜುಳಾಗೆ 1999ರ ಎಪಿಸೋಡಲ್ಲಿ ಒಂದೇ ಹೆರಿಗೆಲಿ ಎಂಟು ಮಕ್ಕಳು ಹುಟ್ಟಿದ್ರು. ಕಾರ್ಟೂನಲ್ಲಿ ಅವರು ಇನ್ನೂ ಚಿಕ್ಕವರೇ. ನಾನು ಲೆಕ್ಕ ನೋಡೋ ಅಂಗಡಿಗಳಲ್ಲಿ ಆ ಕಾಲದಲ್ಲಿ ಹುಟ್ಟಿದ ಮಕ್ಕಳು ಫಾರ್ಮಸಿಸ್ಟು, ಲಾಯರು ಆಗಿದಾರೆ, ಅಪ್ಪ ಅಮ್ಮಂಗೆ ವಯಸ್ಸಾಯ್ತು, ಅಂಗಡಿ ಮಾರೋದಾ ಬೇಡ್ವಾ ಅಂತ ನನ್ನ ಮುಂದೆ ಕೂತು ಜಗಳ ಆಡ್ತಾರೆ. ಅಪ್ಪ ಮಾರಲ್ಲ ಅಂತಾರೆ, ಅಮ್ಮ ಕಾಲು ನೋವು ಅಂತಾರೆ, ಮಗಳು ಸ್ಪ್ರೆಡ್‌ಶೀಟ್ ತೆಗೆದು ತೋರಿಸ್ತಾಳೆ. ಅದನ್ನ ಯಾರಾದ್ರೂ ಒಂದು ಎಪಿಸೋಡ್ ಮಾಡ್ಲಿ, ಅಪು ಬಾಯಿಬಿಟ್ಟು ಮಾತಾಡ್ಲಿ, ಕಾಕಾನ ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ತೋರಿಸ್ತೀನಿ.