ಬೂಟಿನ ಮೇಲೆ ಸಾಕ್ಸ್ ಹಾಕುವ ಊರು

ಡ್ಯುನೆಡಿನ್‌ನ ಚಳಿಗಾಲದಲ್ಲಿ ಕೆಲವರು ಬೂಟಿನ ಮೇಲೆ ಸಾಕ್ಸ್ ಎಳೆದುಕೊಂಡು ಓಡಾಡುತ್ತಾರೆ. ಒಳಗಲ್ಲ, ಮೇಲೆ! ನ್ಯೂಜಿಲೆಂಡಿನ ದಕ್ಷಿಣದ ಈ ಊರೆಲ್ಲ ಗುಡ್ಡ. ಜಗತ್ತಿನಲ್ಲೇ ಕಡಿದಾದ ರಸ್ತೆ ಅಂತ ಗಿನ್ನೆಸ್‌ನವರು ಹೆಸರಿಸಿದ ಬಾಲ್ಡ್ವಿನ್ ಸ್ಟ್ರೀಟ್ ಇಲ್ಲೇ ಇದೆ. ಫುಟ್‌ಪಾತ್ ಮೇಲೆ ಮಂಜು ಹೆಪ್ಪುಗಟ್ಟಿದ ದಿನ ಇಳಿಜಾರಿನಲ್ಲಿ ಕಾಲಿಡೋಕೇ ಭಯ.

ಈ ಸಾಕ್ಸ್ ಉಪಾಯ ನಿಜಾನಾ ಅಂತ ಒಟಾಗೊ ವಿಶ್ವವಿದ್ಯಾಲಯದವರು ಪರೀಕ್ಷೆಯನ್ನೇ ಮಾಡಿಬಿಟ್ಟರು. 30 ಜನ ದಾರಿಹೋಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಾಕ್ಸ್ ಕೊಟ್ಟು ಇಳಿಸಿದರು. ಸಾಕ್ಸ್ ಹಾಕಿಕೊಂಡವರಿಗೆ ಜಾರುವುದು ಕಡಿಮೆ ಅನ್ನಿಸಿತು. ಈ ಕೆಲಸಕ್ಕೆ 2010ರಲ್ಲಿ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು.

ನಗುವಂಥದ್ದೇ, ಬಿಡಿ. ಆದರೆ ಬೀಳುವುದನ್ನು ಇವರು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಅನ್ನೋದಕ್ಕೆ ಅದೂ ಒಂದು ಸಾಕ್ಷಿ. ನಮ್ಮಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದರೆ ಮೊದಲ ಮಾತು 'ನೋಡ್ಕೊಂಡು ನಡೀಬಾರ್ದಾ?', ಎರಡನೆಯದು 'ಗ್ರಹಚಾರ'. ನಾನೀಗ ಇರುವ ನ್ಯೂಜಿಲೆಂಡಿನಲ್ಲಿ ಹಾಗೆ ಬಿಟ್ಟುಬಿಡದೆ ಇರೋದಕ್ಕೆ ಹಣದ ಕಾರಣವೂ ಇದೆ. 1974ರಿಂದ ಎಸಿಸಿ ಅನ್ನುವ ಸರ್ಕಾರಿ ವಿಮೆ ಇದೆ. ತಪ್ಪು ಯಾರದ್ದೇ ಇರಲಿ, ಪೆಟ್ಟಾದರೆ ಚಿಕಿತ್ಸೆಯ ಖರ್ಚಿಗೆ ಅದು ನೆರವಾಗುತ್ತದೆ. ನಮ್ಮ ಸಂಬಳ, ಪೆಟ್ರೋಲು, ಗಾಡಿ ಲೈಸೆನ್ಸು ಎಲ್ಲದರಲ್ಲೂ ಅದಕ್ಕೊಂದು ಪಾಲು ಹೋಗುತ್ತದೆ. ಊರಿಂದ ಬಂದ ಅಪ್ಪ ಅಮ್ಮ ಇಲ್ಲಿ ಬಿದ್ದು ಪೆಟ್ಟು ಮಾಡಿಕೊಂಡರೂ ಚಿಕಿತ್ಸೆಗೆ ಅನ್ವಯಿಸುತ್ತದೆ. ಬಿದ್ದವರ ಖರ್ಚು ಸರ್ಕಾರದ ತಲೆಗೇ ಬರುವಾಗ ಬೀಳದ ಹಾಗೆ ನೋಡಿಕೊಳ್ಳೋದು ಅದಕ್ಕೇ ಲಾಭ ಅಲ್ವಾ? ಜೊತೆಗೆ ಯಾರು ಎಲ್ಲಿ ಹೇಗೆ ಬಿದ್ದರು ಅನ್ನುವ ಲೆಕ್ಕವೂ ಒಂದೇ ಕಡೆ ಸಿಗುತ್ತದೆ.

ಆ ಲೆಕ್ಕ ಇಟ್ಟುಕೊಂಡು ಉತ್ತರ ದ್ವೀಪದ ತಾರಾನಾಕಿಯಲ್ಲಿ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. 1980ಕ್ಕೆ ಮುಂಚೆ ಕಟ್ಟಿದ 842 ಮನೆಗಳು. ಯಾವ ಮನೆ ಮೊದಲು ಅನ್ನೋದನ್ನು ಯಾರ ಇಷ್ಟಕ್ಕೂ ಬಿಡದೆ ಅರ್ಧದಷ್ಟು ಮನೆಗಳನ್ನು ಆರಿಸಿ ರಿಪೇರಿ ಮಾಡಿಸಿದರು. ಉಳಿದವರು ಮೂರು ವರ್ಷ ಕಾಯಬೇಕು. ರಿಪೇರಿ ಅಂದರೆ ಮಹಾ ಏನಲ್ಲ: ಮೆಟ್ಟಿಲ ಪಕ್ಕ ಹಿಡಿದುಕೊಳ್ಳೋಕೆ ಕಂಬಿ, ಬಚ್ಚಲಲ್ಲಿ ಇನ್ನೊಂದು, ಹೊರಗೊಂದು ಒಳ್ಳೆ ಲೈಟು, ಮೇಲೆದ್ದ ಕಾರ್ಪೆಟ್ ಅಂಚಿಗೆ ಮೊಳೆ, ಜಾರದ ಮ್ಯಾಟು. 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ರಿಪೇರಿಯಾದ ಮನೆಗಳಲ್ಲಿ ಬಿದ್ದು ಪೆಟ್ಟಾಗುವುದು 26% ಕಡಿಮೆ. ಯಾರಿಗೂ 'ಹುಷಾರು' ಅಂತ ಉಪದೇಶ ಮಾಡಿ ಬಂದ ಫಲ ಅಲ್ಲ ಇದು, ಬಡಗಿ ಬಂದು ಹೋಗಿದ್ದರ ಫಲ.

ನಮ್ಮ ಪಕ್ಕದ ಮನೆಯ ಹಿತ್ತಲ ಮೆಟ್ಟಿಲ ಅಂಚಿಗೂ ಕಾಲು ಜಾರದ ಹಾಗೆ ಒಂದು ಪಟ್ಟಿ ಹಾಕಿದ್ದಾರೆ. ಎರಡು ಬೆರಳಗಲ, ಹಳದಿ ಬಣ್ಣ, ಮುಟ್ಟಿದರೆ ಉಪ್ಪುಕಾಗದದಂತೆ ತರಿತರಿ. ಮಳೆ ಬಂದು ಮರದ ಮೆಟ್ಟಿಲು ಪಾಚಿಗಟ್ಟಿದರೂ ಅಂಚು ಎಲ್ಲಿ ಅಂತ ಕಾಣುತ್ತದೆ, ಕಾಲೂ ನಿಲ್ಲುತ್ತದೆ. ನಮ್ಮೂರಿನ ಹೊಸ ಮನೆಗಳಲ್ಲಿ ಕನ್ನಡಿ ಹಾಗೆ ಹೊಳೆಯುವ ಗ್ರಾನೈಟ್ ಮೆಟ್ಟಿಲು ನೋಡಿದಾಗೆಲ್ಲ ಈ ಪಟ್ಟಿ ನೆನಪಾಗುತ್ತದೆ.

ಇನ್ನೊಂದು ಪ್ರಯೋಗ ಡ್ಯುನೆಡಿನ್‌ನದೇ. 80 ದಾಟಿದ 233 ಹೆಂಗಸರನ್ನು ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ ವ್ಯಾಯಾಮ ಕಲಿಸಿದರು. 1997ರಲ್ಲಿ ಅದರ ವರದಿ ಬಂತು. ಪಾದದ ಗಂಟಿಗೆ ಸಣ್ಣ ತೂಕ ಕಟ್ಟಿ ಕುರ್ಚಿಯಲ್ಲಿ ಕೂತು ಕಾಲು ಚಾಚುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯುವುದು, ಹಿಂದಕ್ಕೆ ನಡೆಯುವುದು, ಇಷ್ಟೇ. ವಾರಕ್ಕೆ ಮೂರು ಸಲ, ಜೊತೆಗೆ ವಾಕಿಂಗು. ಆಮೇಲೆ ಇಂಥ ನಾಲ್ಕು ಪ್ರಯೋಗಗಳ 1016 ಜನರ ಲೆಕ್ಕ ಒಟ್ಟು ಹಾಕಿದಾಗ ಬೀಳುವುದು 35% ಇಳಿದಿತ್ತು. ನಾವು ವಯಸ್ಸಾದವರಿಗೆ ಹೇಳೋದು ಏನು? 'ನೀವು ಸುಮ್ನೆ ಕೂತ್ಕೊಳ್ಳಿ, ಎಲ್ಲಾ ನಾವು ಮಾಡ್ತೀವಿ.' ಪ್ರೀತಿಯಿಂದಲೇ ಹೇಳ್ತೀವಿ. ಆದರೆ ಕೂತಷ್ಟೂ ತೊಡೆಯ ಬಲ ಇಳಿಯುತ್ತದೆ, ಎದ್ದ ದಿನ ಬೀಳುತ್ತಾರೆ.

ಹಾಗಂತ ಎಲ್ಲಕ್ಕೂ ವ್ಯಾಯಾಮವೇ ಮದ್ದಲ್ಲ. ಕಣ್ಣು ತೀರಾ ಮಂದವಾದ, 75 ದಾಟಿದ 391 ಜನರಲ್ಲಿ ನೋಡಿದಾಗ ಈ ವ್ಯಾಯಾಮದಿಂದ ಬೀಳುವುದು ಕಡಿಮೆಯಾಗಲಿಲ್ಲ. ಅವರಿಗೆ ಫಲ ಕೊಟ್ಟಿದ್ದು ಯಾರೋ ತಿಳಿದವರು ಮನೆಗೆ ಬಂದು, ಎಲ್ಲಿ ಎಡವಬಹುದು ಅಂತ ಹುಡುಕಿ ಸರಿಮಾಡಿಸಿದ್ದು. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದಲ್ಲ, ಅದನ್ನೂ ಪರೀಕ್ಷಿಸಿಯೇ ತಿಳಿಯಬೇಕು.

ಮಾತ್ರೆಗಳ ಕಥೆ ಇನ್ನೂ ಮಜವಾಗಿದೆ. ನಿದ್ದೆ ಮಾತ್ರೆಯಂಥವನ್ನು ದಿನಾ ತಗೊಳ್ಳುತ್ತಿದ್ದ ವಯಸ್ಸಾದವರಿಗೆ, ಅವರ ಒಪ್ಪಿಗೆಯಿಂದಲೇ, ಮದ್ದನ್ನು ನಿಧಾನವಾಗಿ ತಗ್ಗಿಸಿ ಖಾಲಿ ಕ್ಯಾಪ್ಸೂಲ್ ಕೊಟ್ಟರು. ಬೀಳುವುದು 66% ಕಡಿಮೆಯಾಯಿತು, ನಾನು ಮೇಲೆ ಹೇಳಿದ ಎಲ್ಲಕ್ಕಿಂತ ಜಾಸ್ತಿ. (ಡಾಕ್ಟರನ್ನು ಕೇಳದೆ ಊರಲ್ಲಿ ಯಾರೂ ಮಾತ್ರೆ ನಿಲ್ಲಿಸಬೇಡಿ ಮತ್ತೆ.) ಪ್ರಯೋಗ ಮುಗಿದು ತಿಂಗಳಾಗುವಷ್ಟರಲ್ಲಿ, ಮಾತ್ರೆ ಪೂರ್ತಿ ಬಿಟ್ಟಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮತ್ತೆ ಅದನ್ನೇ ಶುರುಮಾಡಿಕೊಂಡಿದ್ದರು.