65535 ಬಂದ ಮಾತ್ರಕ್ಕೆ

ಪ್ರದರ್ಶನದ ಹಿಂದಿನ ಸಂಜೆ ನಮ್ಮ ದುರಸ್ತಿ ಕೋಣೆಯಲ್ಲಿ ನಡೆದದ್ದನ್ನು ನೆನೆದರೆ ನಾನು ಈಗಲೂ ನಾಚಿಕೆಯಿಂದ ಹಿಡಿಯಾಗುತ್ತೇನೆ. ಹಳೆಯ ಕಂಪ್ಯೂಟರುಗಳನ್ನು ಸಂಗ್ರಹಿಸಿ, ಅವು ನಡೆಯುವ ಹಾಗೆ ಕಾಪಾಡಿಕೊಂಡು ಬಂದಿರುವ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನನ್ನ ಕೆಲಸ. ಅಂದು ಮೇಜಿನ ಮೇಲೆ ಇದ್ದದ್ದು ಎಂಬತ್ತರ ದಶಕದ ಬ್ರಿಟಿಷ್ ಮನೆಬಳಕೆಯ ಕಂಪ್ಯೂಟರಾದ 48ಕೆ ಝಡ್‌ಎಕ್ಸ್ ಸ್ಪೆಕ್ಟ್ರಮ್. ಇಂಗ್ಲೆಂಡಿನಲ್ಲಿ ಓದಿ ಬಂದ ಹಿರಿಯರೊಬ್ಬರು ಪೆಟ್ಟಿಗೆಯ ಸಮೇತ ಕೊಟ್ಟದ್ದು. ಬೇಸಿಕ್‌ನಲ್ಲಿ ಬರೆದ ಸಣ್ಣಪುಟ್ಟ ಪ್ರೋಗ್ರಾಮುಗಳು ಅದರಲ್ಲಿ ಚೆನ್ನಾಗಿಯೇ ಓಡುತ್ತಿದ್ದವು. ಕ್ಯಾಸೆಟ್ಟಿನಿಂದ ಆಟವೊಂದನ್ನು ಹಾಕಿದರೆ ಮಾತ್ರ, ಯಾವ ದೋಷಸೂಚನೆಯೂ ಇಲ್ಲದೆ ಪೂರ್ತಿ ಲೋಡ್ ಆಗಿ, ಮೊದಲ ಪರದೆ ಬರುತ್ತಿದ್ದಂತೆ ಯಂತ್ರ ರೀಸೆಟ್ ಆಗಿ, 1982ರ ಸಿಂಕ್ಲೇರ್ ಹಕ್ಕುಸ್ವಾಮ್ಯದ ಸಾಲು ಕೆಳಗೆ ಮತ್ತೆ ಬಂದು ನಿಲ್ಲುತ್ತಿತ್ತು.

ನಮ್ಮಲ್ಲಿ ಪ್ರತಿ ಯಂತ್ರಕ್ಕೂ ಒಂದು ತಪಾಸಣಾ ನಮೂನೆಯಿದೆ. ಸ್ಪೆಕ್ಟ್ರಮ್ಮಿನ ನಮೂನೆಯ ಮೂರನೆಯ ಸಾಲು ಯಂತ್ರದ ಸ್ಮರಣೆಗೆ, ಎಂದರೆ ರ‍್ಯಾಮ್‌ಗೆ ಸಂಬಂಧಿಸಿದ್ದು: 23732 ಮತ್ತು 23733ನೆಯ ವಿಳಾಸಗಳನ್ನು ಪೀಕ್ ಮಾಡಿ (ಅಲ್ಲಿರುವ ಸಂಖ್ಯೆಗಳನ್ನು ಓದಿ), ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿದರೆ 65535 ಬರಬೇಕು, 32767 ಬಂದರೆ ಮೇಲಿನ 32ಕೆ ಕೈಕೊಟ್ಟಿದೆ ಎಂದರ್ಥ. ಅಂದು 65535 ಬಂತು, ನಾನು ‘ಸರಿ’ ಎಂದು ಗುರುತು ಹಾಕಿದೆ. ಆ ಸಾಲನ್ನು ನಮೂನೆಗೆ ಸೇರಿಸಿದವನು ನಾನೇ ಆದ್ದರಿಂದ, ಅದನ್ನು ಅನುಮಾನಿಸಬೇಕೆಂದು ನನಗೆ ತೋಚಲೇ ಇಲ್ಲ.

ರ‍್ಯಾಮ್ ಸರಿಯಿದೆ, ಟೇಪ್ ದೋಷವಿಲ್ಲದೆ ಲೋಡ್ ಆಗುತ್ತಿದೆ, ಹಾಗಾದರೆ ಉಳಿದದ್ದು ಪರದೆ, ಕೀಲಿಮಣೆ, ಟೇಪುಗಳನ್ನು ನೋಡಿಕೊಳ್ಳುವ ಚಿಪ್ಪಾದ ಯುಎಲ್‌ಎ ಎಂದು ತೀರ್ಮಾನಿಸಿದೆ. ಫೆರಾಂಟಿ ಕಂಪನಿಯ ಆ ನಲವತ್ತು ಕಾಲಿನ ಚಿಪ್ಪು ಈಗ ಎಲ್ಲಿಯೂ ತಯಾರಾಗುವುದಿಲ್ಲ. ಬಿಡಿಭಾಗಕ್ಕೆಂದು ಇಟ್ಟ ಕೆಟ್ಟ ಬೋರ್ಡಿನ ಮೇಲೆ ಒಂದಿತ್ತು, ನಮ್ಮ ಪಾಲಿಗೆ ಇದ್ದದ್ದು ಅದೊಂದೇ. ಚಿಪ್ಪು ಕೀಳುವ ಸರಿಯಾದ ಸಲಕರಣೆಗೆ ಬರೆದ ಕೋರಿಕೆ ಖರೀದಿ ವಿಭಾಗದಲ್ಲಿ ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದರಿಂದ, ಚಪ್ಪಟೆ ಸ್ಕ್ರೂಡ್ರೈವರನ್ನೇ ಹಿಡಿದು ಒಮ್ಮೆ ಈ ತುದಿ, ಒಮ್ಮೆ ಆ ತುದಿ ಎಂದು ಎಬ್ಬಿಸುತ್ತ ಹೋದೆ. ಮೇಲ್ವಿಚಾರಕರು ಹಿಂದೆಯೇ ನಿಂತು, “ಏನ್ರೀ, ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ, ಆಗುತ್ತೆ ತಾನೇ?” ಎಂದರು. ಅದೇ ಗಳಿಗೆಗೆ ಚಿಪ್ಪು ಒಂದು ಕಡೆ ಚಂಗನೆ ಎದ್ದು, ಮೂಲೆಯ ಕಾಲೊಂದು ಹೊಟ್ಟೆಯಡಿಗೆ ಮಡಚಿಕೊಂಡಿತು. ಅದನ್ನು ಇಕ್ಕಳದಿಂದ ಕೂದಲೆಳೆಯಷ್ಟೇ ಬಿಡಿಸಿ, ಸ್ವಲ್ಪ ತಡೆದು, ಇನ್ನಷ್ಟು ಬಿಡಿಸಿ ನೇರ ಮಾಡುವಷ್ಟರಲ್ಲಿ ಅಂಗೈ ಬೆವರಿ ಇಕ್ಕಳ ಜಾರತೊಡಗಿತ್ತು. ಕಾಲು ಮುರಿಯಲಿಲ್ಲ. ಯುಎಲ್‌ಎ ಬದಲಾಯಿತು, ಆಟ ಮಾತ್ರ ಅದೇ ಜಾಗದಲ್ಲಿ ಬಿದ್ದಿತು.

ತರಬೇತಿಗೆಂದು ಬಂದಿದ್ದ ಹುಡುಗಿ ಅಷ್ಟು ಹೊತ್ತೂ ಆರ್‌ಓಎಮ್‌ನ, ಎಂದರೆ ಯಂತ್ರದೊಳಗೆ ಕಾಯಂ ಆಗಿ ಬರೆದಿಟ್ಟ ಪ್ರೋಗ್ರಾಮಿನ, ಸಂಕೇತದ ಮುದ್ರಿತ ಹಾಳೆಗಳನ್ನು ಓದುತ್ತ ಕುಳಿತಿದ್ದಳು. “ಸರ್, ಆನ್ ಮಾಡಿದಾಗ ಇದು ಎಲ್ಲ ಕಡೆ 2 ಬರೆದು, ಒಂದೊಂದಾಗಿ ಎರಡು ಸಲ ಕಳೆದು, ಸೊನ್ನೆ ಬಂತೇ ಅಂತ ಮಾತ್ರ ನೋಡುತ್ತೆ. ಮೇಲಿನ ಆರು ಬಿಟ್‌ಗಳಲ್ಲಿ 1 ಬರೆದು ನೋಡುವುದೇ ಇಲ್ಲವಲ್ಲ?” ಎಂದು ಕೇಳಿದಳು. ನಾನು ಹಾಳೆಯನ್ನು ಕಸಿದುಕೊಂಡೇ ಓದಿದೆ. ಅವಳು ಹೇಳಿದ್ದು ನಿಜವಾಗಿತ್ತು. ನಾನು ನಂಬಿದ 65535 ಈ ಪರೀಕ್ಷೆಯೇ ಬರೆದಿಟ್ಟುಹೋಗುವ ಫಲಿತಾಂಶ. ಮೇಲಿನ ಬಿಟ್ ಒಂದು 1ರಲ್ಲಿ ಸಿಕ್ಕಿಕೊಂಡಿದ್ದರೆ ಆ ಪರೀಕ್ಷೆ ಹಿಡಿಯುತ್ತದೆ. 0ಯಲ್ಲಿ ಸಿಕ್ಕಿಕೊಂಡಿದ್ದರೆ ಅದರ ಕಣ್ಣಿಗೆ ಎಲ್ಲವೂ ಸರಿಯೇ. ಟೇಪಿನ ವಿಷಯವೂ ಅಷ್ಟೇ: ಲೋಡ್ ಮಾಡುವಾಗ ತಪ್ಪು ಹಿಡಿಯುವ ಪ್ಯಾರಿಟಿ ಲೆಕ್ಕ ಟೇಪಿನಿಂದ ಬಂದ ಬೈಟುಗಳದ್ದೇ ಹೊರತು, ರ‍್ಯಾಮಿನೊಳಗೆ ಹೋಗಿ ಕೂತ ಬೈಟುಗಳದ್ದಲ್ಲ. ನಾನು ಸಾಕ್ಷಿಗೆ ಕರೆದ ಇಬ್ಬರೂ ಘಟನೆ ನಡೆದ ಜಾಗದಲ್ಲೇ ಇರಲಿಲ್ಲ.

32768ರಿಂದ 65535ರವರೆಗೆ 255, ಎಂದರೆ ಎಂಟೂ ಬಿಟ್ 1, ಪೋಕ್ ಮಾಡಿ (ಬರೆದು) ಮತ್ತೆ ಪೀಕ್ ಮಾಡುವ ಲೂಪ್ ಬರೆದೆವು. ಬೇಸಿಕ್ಕನ್ನು ಆ ವಿಳಾಸಗಳಿಂದ ಕೆಳಗಿಳಿಸುವ ಕ್ಲಿಯರ್ 32767 ಆದೇಶ ಕೊಡದೆಯೇ ರನ್ ಒತ್ತಲು ಹೋದ ನನ್ನನ್ನು ಅವಳೇ ತಡೆದಳು. ಇಲ್ಲದಿದ್ದರೆ ಕೊನೆಯಲ್ಲಿ, ಯಂತ್ರ ತನ್ನ ಕೆಲಸದ ಲೆಕ್ಕ ಇಟ್ಟುಕೊಳ್ಳುವ ಸ್ಟ್ಯಾಕ್ ಮೇಲೆಯೇ ಪೋಕ್ ಮಾಡಿ ಯಂತ್ರವನ್ನು ನಾವೇ ಬೀಳಿಸುತ್ತಿದ್ದೆವು. ಬೇಸಿಕ್ ಲೂಪ್ ತೆವಳುತ್ತ ಸಾಗಿತು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ವಿಳಾಸ, ಅದರ ಮುಂದೆ 223. ಮತ್ತೊಂದು, ಮತ್ತೆ 223. ಪರದೆ ತುಂಬಿ, ಸ್ಕ್ರೋಲ್ ಮಾಡಲೇ ಎಂದು ಯಂತ್ರ ಕೇಳಿತು. 255ರಲ್ಲಿ 32 ಕಡಿಮೆ ಎಂದರೆ, ಸೊನ್ನೆಯಿಂದ ಎಣಿಸಿದರೆ, ಐದನೆಯ ಬಿಟ್, ಎಂದರೆ ಬೋರ್ಡಿನಲ್ಲಿ ಐಸಿ 20 ಎಂದು ಗುರುತಿಸಿದ ಚಿಪ್ಪು. ಬಿಟ್ ಎಲ್ಲ ವಿಳಾಸಗಳಲ್ಲೂ ಸತ್ತಿದ್ದರೆ ಸ್ಟ್ಯಾಕ್ ಕೆಟ್ಟು ಯಂತ್ರ ಏಳುತ್ತಲೇ ಇರಲಿಲ್ಲ. ಕೆಲವೇ ಕಡೆ ಸತ್ತಿದ್ದರಿಂದ ನಾವು ಮೋಸ ಹೋದೆವು.

ಇಷ್ಟಕ್ಕೇ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಚಿಪ್ಪಿನ ಕಾಲುಗಳನ್ನು ಕತ್ತರಿಸಿ, ಒಂದೊಂದಾಗಿ ಕಿತ್ತು, ಸಾಕೆಟ್ ಬೆಸೆದೆ. ಅಂದು ನಾನು ಮಾಡಿದ ಜಾಣ ಕೆಲಸ ಅದೊಂದೇ. ಅದಕ್ಕೆ ಕೆಟ್ಟ ಬೋರ್ಡಿನಿಂದಲೇ ತೆಗೆದ 4532 ಎಂಬ ಅದೇ ಬಗೆಯ ಚಿಪ್ಪೊಂದನ್ನು ಕೂರಿಸಿ ಆನ್ ಮಾಡಿದರೆ, ಈ ಸಲ 65535 ಕೂಡ ಬರಲಿಲ್ಲ. ಸಿಂಕ್ಲೇರ್ ಕಂಪನಿ ಹಣ ಉಳಿಸಲು ಅರ್ಧ ಕೆಟ್ಟ 64ಕೆ ಚಿಪ್ಪುಗಳನ್ನು 32ಕೆ ಎಂದು ಬಳಸಿದ್ದು, ಯಾವ ಅರ್ಧ ಒಳ್ಳೆಯದೆಂಬುದನ್ನು ಹೆಸರಿನ ಕೊನೆಯ 3 ಅಥವಾ 4 ಹೇಳುವುದು, ಅದಕ್ಕೆ ತಕ್ಕಂತೆ ಬೋರ್ಡಿನ ಮೇಲೆ ಲಿಂಕ್ ತಂತಿ ಹಾಕಿರುವುದು ಎಲ್ಲವೂ ನನಗೆ ಗೊತ್ತಿತ್ತು. ಹೊಸಬರಿಗೆ ಪಾಠ ಹೇಳುವಾಗ ಮೊದಲು ಹೇಳುವ ಕಥೆಯೇ ಅದು. ನಮ್ಮ ಬೋರ್ಡು 4ರದ್ದು, ನಾನು ಹಾಕಿದ್ದು 3. ಎಸ್‌ಪಿ ರೋಡಿನ ಪರಿಚಯದ ಅಂಗಡಿಗೆ ಫೋನ್ ಮಾಡಿ 4164, ಎಂದರೆ ಪೂರ್ತಿ 64ಕೆ ಚಿಪ್ಪು, ಇದೆಯೇ ಎಂದು ಕೇಳಿದರೆ, ಈಗಿನ ಕಾಲದ ರ‍್ಯಾಮ್ ಎಂದುಕೊಂಡು ಆ ಕಡೆಯಿಂದ, “ಡಿಡಿಆರ್ ಎಷ್ಟು ಸರ್?” ಎಂಬ ಮರುಪ್ರಶ್ನೆ ಬಂತು. ಕಡೆಗೆ ಗುಜರಿಗೆ ಹಾಕಲು ಎತ್ತಿಟ್ಟಿದ್ದ ಹಳೆಯ ಬೋರ್ಡೊಂದರಲ್ಲಿ ಎರಡೂ ಅರ್ಧ ಚೆನ್ನಾಗಿದ್ದ 4164 ಸಿಕ್ಕಿತು. ರಾತ್ರಿ ಹನ್ನೊಂದೂವರೆಗೆ ಆಟ ಎರಡನೆಯ ಪರದೆ ದಾಟಿತು.

ನಮೂನೆಯ ಮೂರನೆಯ ಸಾಲನ್ನು ಬದಲಿಸಬೇಕೆಂದು ಮರುದಿನವೇ ಟಿಪ್ಪಣಿ ಬರೆದು ಕಳಿಸಿದೆ. ನಮೂನೆ ಬದಲಿಸಲು ಸಮಿತಿಯ ಒಪ್ಪಿಗೆ ಬೇಕಂತೆ, ಸಮಿತಿ ಇನ್ನೂ ಸೇರಿಲ್ಲ. ಅಲ್ಲಿಯವರೆಗೆ ಆ ಸಾಲಿನ ಪಕ್ಕದಲ್ಲಿ ಅವಳು ಪೆನ್ಸಿಲಿನಿಂದ 255 ಎಂದು ಬರೆಯುತ್ತಾಳೆ, ಅದರ ಕೆಳಗೆ ನಾನು ಸಹಿ ಹಾಕುತ್ತೇನೆ.