ಭುಜಕ್ಕೆ ಯಾವ ಎಣ್ಣೆ ಹಾಕಿದ್ದು ಅಂತ ಕೇಳುವವರಿಗೆ

ಯಾವ ಎಣ್ಣೆಯೂ ಅಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ವಾಟ್ಸಾಪ್ ಮಾಡುತ್ತೇನೆ.

ವಿಷಯ ಇಷ್ಟು. ಜಿಮ್‌ನಲ್ಲಿ ತೂಕ ಎತ್ತುವ ನನಗೆ ಬಲಭುಜ ಬಹಳ ಕಾಲ ನೋಯುತ್ತಿತ್ತು. ಬೆಂಚ್ ಪ್ರೆಸ್ (ಮಲಗಿಕೊಂಡು ತೂಕದ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮಾಡುವಾಗ ಎದುರುಭಾಗದಲ್ಲಿ ಚುಚ್ಚುವುದು, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುವುದು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಿಕ್ಕೆ ಎಡಗೈಯನ್ನೇ ಎತ್ತಬೇಕಾಗುವುದು. ಈಗ ಮತ್ತೆ ಎತ್ತುತ್ತಿದ್ದೇನೆ, ಚೆನ್ನಾಗಿಯೇ ಎತ್ತುತ್ತಿದ್ದೇನೆ. ಅದಕ್ಕೇ ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದವರೆಲ್ಲ "ಯಾವ ಎಣ್ಣೆ ಮಾರಾಯ್ರೆ?" ಅಂತ ಶುರು ಮಾಡುತ್ತಾರೆ. ಅದರ ಹಿಂದೆಯೇ ಬರುವ ಇನ್ನೊಂದು ಪ್ರಶ್ನೆ ಇನ್ನೂ ಕೆಟ್ಟದು. "ಅಷ್ಟು ನೋವಾಗುವುದಾದ್ರೆ ಬಿಡ್ಲಿಕ್ಕೆ ಎಂತ?"

ಎಣ್ಣೆಯ ಮೇಲೆ ನನಗೆ ಸಿಟ್ಟಿಲ್ಲ. ಕಾಸರಗೋಡಿನವರ ಮನೆಯಲ್ಲಿ ಮುರಿವೆಣ್ಣ, ಕೊಟ್ಟಂಚುಕ್ಕಾದಿ, ಧಾನ್ವಂತರ ಇಲ್ಲದ ಕಪಾಟು ಇರುವುದಿಲ್ಲ. ಎಲ್ಲವನ್ನೂ ಹಾಕಿದ್ದೇನೆ. ಬಿಸಿ ಮಾಡಿ ತಿಕ್ಕಿದರೆ ಹಾಯೆನಿಸುತ್ತದೆ, ನಿದ್ದೆ ಬರುತ್ತದೆ, ತಲೆದಿಂಬು ಹಾಳಾಗುತ್ತದೆ. ಮರುದಿನ ಅದೇ ರಾಡು, ಅದೇ ತೂಕ ಹಿಡಿದರೆ ನೋವು ಅಲ್ಲಿಯೇ ಕಾಯುತ್ತಿರುತ್ತದೆ.

ಇದಕ್ಕಿಂತ ತಲೆಬಿಸಿ ಮಾಡಿದ್ದು ಒಂದು ಮದುವೆ ಊಟ. ಕುಂಬಳೆ ಕಡೆಯ ಹಾಲ್. ಪಂಕ್ತಿಗೆ ಕಾಯುತ್ತಾ ನಿಂತಿದ್ದೆ. ದೂರದ ಸಂಬಂಧದ ಮಾವನೊಬ್ಬರು ಬಂದು ಹೇಳದೆ ಕೇಳದೆ ನನ್ನ ಭುಜಕ್ಕೆ ಹೆಬ್ಬೆರಳು ಒತ್ತಿದರು.

"ಇಲ್ಲಿಯಾ?"

"ಅಲ್ಲ ಮಾವ, ಸ್ವಲ್ಪ ಮುಂದೆ."

"ಇಲ್ಲ ಇಲ್ಲ, ಇಲ್ಲಿಯೇ ಇರ್ಬೇಕು." ಮತ್ತೆ ಒತ್ತಿದರು. ನೋವು ನನ್ನದು, ಜಾಗ ಅವರದು. ಆಮೇಲೆ ಭಾಷಣ. ನಮ್ಮ ಕಾಲದಲ್ಲಿ ಜಿಮ್ ಇತ್ತಾ? ಅಡಿಕೆ ಗೋಣಿ ಹೆಗಲಲ್ಲಿ ಹೊತ್ತು ರಸ್ತೆವರೆಗೆ ಬರುತ್ತಿದ್ದೆವು, ಯಾರಿಗಾದ್ರೂ ಭುಜನೋವು ಇತ್ತಾ? ದುಡ್ಡು ಕೊಟ್ಟು ನೋವು ತಕ್ಕೊಂಡವ ನೀನೊಬ್ಬನೇ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ, ಮದುವೆಮನೆ ಅಲ್ವಾ. ಅಷ್ಟರಲ್ಲಿ ಅವರ ಶಾಲು ಜಾರಿತು. ಅದನ್ನು ಮತ್ತೆ ಹೆಗಲಿಗೆ ಹಾಕಲಿಕ್ಕೆ ಬಲಗೈ ಎದೆಮಟ್ಟದಿಂದ ಮೇಲೆ ಹೋಗಲಿಲ್ಲ. ಎಡಗೈಯನ್ನು ಕುತ್ತಿಗೆಯ ಹಿಂದಿನಿಂದ ತಂದು ತುದಿಯನ್ನು ಎಳೆದುಕೊಂಡರು. ಎಷ್ಟು ಅಭ್ಯಾಸವಾಗಿತ್ತೆಂದರೆ ಅವರಿಗೇ ಗೊತ್ತಾಗಲಿಲ್ಲ.

ಜಿಮ್‌ನ ನೋವು ಶೋಕಿಯ ನೋವು, ತೋಟದ ನೋವು ನೋವೇ ಅಲ್ಲ. ಲೆಕ್ಕ ಹೀಗಿದೆ.

ಸರಿ, ಉತ್ತರಕ್ಕೆ ಬರುತ್ತೇನೆ. ಭುಜದ ಕೀಲಿನಲ್ಲಿ ಗುಂಡು ದೊಡ್ಡದು, ಅದು ಕೂರುವ ಗುಳಿ ಸಣ್ಣದು, ಆಳವೂ ಕಡಿಮೆ. ಅದಕ್ಕೇ ಕೈ ಎಲ್ಲಾ ದಿಕ್ಕಿಗೂ ತಿರುಗುತ್ತದೆ. ಗುಂಡನ್ನು ಜಾಗದಲ್ಲಿ ಹಿಡಿದಿಡುವ ಕೆಲಸ ಮುಖ್ಯವಾಗಿ ನಾಲ್ಕು ಸಣ್ಣ ಸ್ನಾಯುಗಳದ್ದು, ಅವುಗಳ ಗುಂಪಿಗೆ ರೋಟೇಟರ್ ಕಫ್ ಅನ್ನುತ್ತಾರೆ. ಕೈಯನ್ನು ಭುಜದಿಂದ ಮೇಲಕ್ಕೆ ಎತ್ತಿ ಭಾರ ಹೊರಿಸಿದಷ್ಟೂ ಅವಕ್ಕೆ ಕೆಲಸ ಜಾಸ್ತಿ. ಎದೆಯ ಸ್ನಾಯು ಬೇಗ ಬಲಿಯುತ್ತದೆ, ಈ ಸ್ನಾಯುಗಳನ್ನು ಮೂಳೆಗೆ ಕಟ್ಟಿರುವ ಟೆಂಡನ್ ನಿಧಾನಕ್ಕೆ ಹೊಂದಿಕೊಳ್ಳುತ್ತದೆ. ಎದೆ ರೆಡಿ ಅಂತ ಪ್ಲೇಟ್ ಏರಿಸುತ್ತಾ ಹೋದರೆ ಟೆಂಡನ್ ತಕರಾರು ತೆಗೆಯುತ್ತದೆ.

ಮಂಗಳೂರಿಗೆ ಹೋದೆ. (ನಮ್ಮ ಕಡೆ ಮಂಗಳೂರಿಗೆ ಹೋದ ಅಂದರೆ ಒಂದೋ ಆಸ್ಪತ್ರೆಗೆ, ಇಲ್ಲದಿದ್ದರೆ ಮದುವೆ ಸೀರೆಗೆ.) ಸ್ಕ್ಯಾನ್ ಆಯಿತು. ಟೆಂಡನ್ ಸ್ವಲ್ಪ ಹರಿದಿದೆ ಅಂತ ರಿಪೋರ್ಟಿನಲ್ಲಿ ಬಂತು. ಮನೆಯಲ್ಲಿ ಎಲ್ಲರ ಮುಖ ಸಪ್ಪೆ. ಆದರೆ 1995ರಲ್ಲೇ ಅಮೆರಿಕದಲ್ಲಿ ನೋವೇ ಇಲ್ಲದ 96 ಜನರ ಭುಜವನ್ನು ಎಂಆರ್‌ಐ ಮಾಡಿ ನೋಡಿದ್ದಾರೆ. ಮೂರರಲ್ಲಿ ಒಂದು ಪಾಲು ಜನರಿಗೆ ಟೆಂಡನ್ ಹರಿದಿತ್ತು, 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ. ಅಂದರೆ ಪಟದಲ್ಲಿ ಕಂಡದ್ದೇ ನೋವಿಗೆ ಕಾರಣ ಅಂತ ಹೇಳಲಿಕ್ಕಾಗುವುದಿಲ್ಲ. "ಆಪರೇಷನ್ ಮಾಡಿಸಿಬಿಡು" ಅನ್ನುವವರಿಗೂ ಒಂದು ಮಾತು. 2018ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಪರೀಕ್ಷೆ ಬಂದಿದೆ. ಇಂಥ ಭುಜನೋವಿನ ಕೆಲವರಿಗೆ ಮೂಳೆ ಕೆರೆದು ಜಾಗ ಮಾಡುವ ಆಪರೇಷನ್, ಇನ್ನು ಕೆಲವರಿಗೆ ಸುಮ್ನೆ ಕ್ಯಾಮೆರಾ ಹಾಕಿ ನೋಡಿ ಹೊಲಿಗೆ. ಆರು ತಿಂಗಳಾದ ಮೇಲೆ ಎರಡು ಗುಂಪಿಗೂ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ.

ಹಾಗಾದರೆ ಮಾಡಿದ್ದೇನು? ಬಿಡಲಿಲ್ಲ, ಇಳಿಸಿದೆ. ಪೂರ್ತಿ ಬಿಟ್ಟು ಕೂತರೆ ನೋವು ಇಳಿದೀತು, ಆದರೆ ಟೆಂಡನ್‌ಗೆ ಇರುವ ಶಕ್ತಿಯೂ ಇಳಿಯುತ್ತದೆ, ಮತ್ತೆ ಶುರು ಮಾಡಿದ ದಿನ ಕಥೆ ಅಲ್ಲಿಂದಲೇ. ರಾಡಿನ ಬದಲು ಡಂಬೆಲ್ ಹಿಡಿದು, ಅಂಗೈಗಳು ಎದುರುಬದುರು ಇರುವ ಹಾಗೆ, ನೆಲದಲ್ಲಿ ಮಲಗಿ ಪ್ರೆಸ್ ಮಾಡಿದೆ. ಮೊಣಕೈ ನೆಲಕ್ಕೆ ತಾಗಿದ ಮೇಲೆ ಇನ್ನೂ ಕೆಳಗೆ ಹೋಗುವ ಪ್ರಶ್ನೆಯೇ ಇಲ್ಲ. ರಾಡಿಗೆ ಮರಳಿದಾಗ ಹಿಡಿತವನ್ನು ಭುಜದ ಅಗಲದ ಒಂದೂವರೆ ಪಟ್ಟು ಮೀರದಂತೆ ನೋಡಿಕೊಂಡೆ, ಮೊಣಕೈಯನ್ನು ರೆಕ್ಕೆ ಬಿಚ್ಚಿದ ಹಾಗೆ ಹರಡದೆ ಪಕ್ಕೆಯ ಕಡೆಗೆ ತಂದೆ. ಕುತ್ತಿಗೆಯ ಹಿಂದೆ ರಾಡ್ ಇಳಿಸುವ ಪ್ರೆಸ್‌ಗೆ ನಮಸ್ಕಾರ ಹೇಳಿದೆ. ತಳ್ಳುವುದಕ್ಕಿಂತ ಎಳೆಯುವ ವ್ಯಾಯಾಮ ಜಾಸ್ತಿ ಮಾಡಿದೆ. ರಬ್ಬರ್ ಬ್ಯಾಂಡನ್ನು ಕಿಟಕಿಯ ಸರಳಿಗೆ ಕಟ್ಟಿ, ಮೊಣಕೈ ಪಕ್ಕೆಗೆ ಅಂಟಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸುವುದು ದಿನಚರಿಯಾಯಿತು. ನೋಡುವವರಿಗೆ ಕರುಣೆ ಬರುವಂಥ ವ್ಯಾಯಾಮ. ಫಿಸಿಯೋ ಹೇಳಿದ ನಿಯಮ ಒಂದೇ: ಮಾಡುವಾಗ ನೋವು ಹತ್ತರಲ್ಲಿ ಮೂರು ಮೀರಬಾರದು, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ತೂಕ ಕಡಿಮೆ ಮಾಡು, ಇಳಿದರೆ ಚೂರು ಏರಿಸು. ಇದಕ್ಕೆ ವಾರಗಳು ಸಾಲುವುದಿಲ್ಲ, ತಿಂಗಳುಗಳು ಬೇಕು.

ಬಿದ್ದ ಮೇಲೆ ಕೈ ಎತ್ತಲಿಕ್ಕೇ ಆಗದಿದ್ದರೆ, ಬೆರಳುಗಳು ಜೋಮು ಹಿಡಿದರೆ, ಜ್ವರ ಇದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಭುಜನೋವಿನ ಜೊತೆ ಎದೆ ಬಿಗಿದು ಬೆವರುತ್ತಿದ್ದರೆ ನೇರ ತುರ್ತು ಚಿಕಿತ್ಸೆಗೆ. ಶುಗರ್ ಇದ್ದವರಿಗೆ ಭುಜ ಪೂರ್ತಿ ಹಿಡಿದುಕೊಳ್ಳುವ ಬೇರೆಯೇ ಕಾಯಿಲೆ ಬರುವುದು ಜಾಸ್ತಿ, ಇನ್ನೊಬ್ಬರು ಎತ್ತಿದರೂ ಕೈ ಮೇಲೆ ಹೋಗುವುದಿಲ್ಲ. ಮಾವನಿಗೆ ಅದೇ ಇರಬಹುದೋ ಏನೋ. ತೋರಿಸಿ ಅಂದೆ, "ನಂಗೆಂತ ಆಗಿದೆ?" ಅಂದರು.

ನನಗೆ ಯಾರಾದರೂ ಕೇಳಲಿ ಅಂತ ಇರುವ ಪ್ರಶ್ನೆ "ಎಷ್ಟು ಕಿಲೋಕ್ಕೆ ಇಳಿಸಿದ್ದು?" ಎಂಬುದು. ಆಶ್ಚರ್ಯ ಏನೆಂದರೆ ಅಳತೆಯ ವಿಷಯ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಅಂತ ನಿದ್ದೆಯಲ್ಲೂ ಹೇಳುತ್ತಾರೆ. ತುತ್ತು ಹೆಚ್ಚಾದರೆ ಸುಡುತ್ತದೆ, ಕಡಿಮೆಯಾದರೆ ರೋಗ ನಿಲ್ಲುವುದಿಲ್ಲ. ಭುಜಕ್ಕೆ ಹಾಕುವ ಭಾರವೂ ಹಾಗೆಯೇ ಅಂದರೆ ಮಾತ್ರ "ಅದಿರಲಿ, ಎಣ್ಣೆ ಯಾವುದು?"

ಕೊನೆಗೂ "ಎಷ್ಟು ಕಿಲೋಕ್ಕೆ?" ಅಂತ ಕೇಳಿದವರು ದೋಟಿ, ಅಂದರೆ ಅಡಿಕೆ ಕೊಯ್ಯುವ ಉದ್ದ ಕೋಲು, ಹಿಡಿಯುವ ಒಬ್ಬ ಅಣ್ಣ. ಈಗ ಮರ ಹತ್ತುವವರು ಕಡಿಮೆ. ನೆಲದಲ್ಲಿ ನಿಂತು ಕಾರ್ಬನ್ ಫೈಬರ್ ದೋಟಿಯನ್ನು ಅಡಿಕೆಮರದ ತುದಿಯವರೆಗೆ ಎತ್ತಿ ಕೊಯ್ಯುತ್ತಾರೆ, ಮದ್ದು ಬಿಡುತ್ತಾರೆ. ದೋಟಿ ಹಗುರ ನಿಜ, ಆದರೆ ಕತ್ತು ಮೇಲೆ, ಎರಡೂ ಕೈ ಮೇಲೆ, ಬೆಳಿಗ್ಗೆಯಿಂದ ಸಂಜೆವರೆಗೆ. ಯಾವ ಜಿಮ್‌ನಲ್ಲೂ ಯಾರೂ ಅಷ್ಟು ಹೊತ್ತು ಓವರ್‌ಹೆಡ್ ಪ್ರೆಸ್ ಮಾಡುವುದಿಲ್ಲ. ಅವರ ಭುಜ ಹೇಗುಂಟು ಅಂತ ಯಾವ ಮದುವೆಮನೆಯಲ್ಲೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ನಾನು ತಿಳಿದದ್ದನ್ನು ಹೇಳಿದೆ. ಹತ್ತಾರು ಮರ ಆದ ಮೇಲೆ ದೋಟಿ ಕೆಳಗಿಡಿ, ಸ್ವಲ್ಪ ಹೊತ್ತು ಹೆಕ್ಕುವ ಕೆಲಸ ಮಾಡಿ, ಅಷ್ಟರಲ್ಲಿ ಇನ್ನೊಬ್ಬರು ಹಿಡಿಯಲಿ.

"ಮರದ ಲೆಕ್ಕದಲ್ಲಿ ಸಂಬಳ," ಅಂದರು ಅವರು. "ಕೆಳಗಿಟ್ಟರೆ ಲೆಕ್ಕ ನಿಲ್ತದೆ."

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗ ಅಳಿಯನನ್ನು ಜೊತೆಗೆ ಕರೆದುಕೊಂಡು ಬರುತ್ತಾರೆ. ಒಬ್ಬರು ಕೊಯ್ದರೆ ಇನ್ನೊಬ್ಬರು ಹೆಕ್ಕುತ್ತಾರೆ, ಮಧ್ಯಾಹ್ನ ಊಟದ ಮೇಲೆ ಅದಲು ಬದಲು. ಸಂಬಳ ಇಬ್ಬರಿಗೆ ಹಂಚಿಹೋಗುತ್ತದೆ. ಭುಜ ಸ್ವಲ್ಪ ಅಡ್ಡಿಯಿಲ್ಲ ಅನ್ನುತ್ತಾರೆ.